ಪಾರ್ಕಿನೊಳಗಿನ ಹೊಲ

ನಮ್ಮತ್ತೆ ಬಂಡಮ್ಮನಿಗೆ ಸಿಟ್ಟು ಬಂದರೆ ಬಾಯಿಗೆ ಬಾಗಿಲಿರುವುದಿಲ್ಲ. ಹಾಗೆ ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ನಮ್ಮ ಬಡಾವಣೆಯ ಮಂದಿಯೆಲ್ಲ ವರ್ಷವಿಡೀ ದುಡಿಯಬೇಕಾಯಿತು. ನಾನು ಅವರ ಸೊಸೆ ರಾಜೇಶ್ರೀ. ಕಚೇರಿಯಲ್ಲಿ ಗುಮಾಸ್ತೆ, ಮನೆಯಲ್ಲಿ ಅಡುಗೆಯವಳು. ಆ ವರ್ಷ ಇವೆರಡರ ಮೇಲೆ ಒಕ್ಕಲುತನವೂ ನನ್ನ ತಲೆಗೆ ಬಂತು.

ಮಾತು ಬಿದ್ದದ್ದು ಕಮಲಾಪುರದಲ್ಲಿ. ಅಲ್ಲಿ ನಮ್ಮತ್ತೆಯ ತಂಗಿ ಕಸ್ತೂರಿಬಾಯಿಯವರ ಹೊಲವಿದೆ. ಒಂದು ಬದಿಗೆ ಕೆಂಪು ಬಾಳೆ, ಉಳಿದದ್ದೆಲ್ಲ ಜೋಳ, ಕಡಲೆ, ತೊಗರಿ. ಎಳ್ಳಮಾವಾಸ್ಯೆಗೆ ಹೊಲವಿದ್ದವರು ಇಲ್ಲದವರನ್ನು ಕರೆದು, ಒಬ್ಬರ ಕೂಗಿಗೆ ಉಳಿದವರು ತಿರುಗಿ ಕೂಗುತ್ತ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬೆಳೆಯ ನಡುವೆ ಕೂಡಿಸಿ ಉಣ್ಣಿಸುವುದು ನಮ್ಮ ಕಡೆಯ ಪದ್ಧತಿ. ಕಲಬುರಗಿಯಂಚಿನ ಕುಸನೂರಿನ ನಮ್ಮ ಹೊಲ ಬಡಾವಣೆಯಾದ ಮೇಲೆ ನಾವು ಇಲ್ಲದವರ ಪೈಕಿ ಸೇರಿದೆವು. ಹೊಲ ಮಾರಿದ್ದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ, ಅಲ್ಲೇ ಒಳ್ಳೆಯ ಮನೆ ಕಟ್ಟಿಕೊಂಡೆವು. ಆದರೆ ಒಂದು ಕಾಲಕ್ಕೆ ಅರ್ಧ ಊರಿಗೆ ಕಾಳು-ಸೊಪ್ಪಿನ ಭಜ್ಜಿ ಬಡಿಸಿದ್ದ ನಮ್ಮತ್ತೆ ಈಗ ತಂಗಿಯ ಹೊಲದಲ್ಲಿ ಕುಂತು ಉಂಡು, ಹೊರಡುವಾಗ ಅವರು ಕಟ್ಟಿಕೊಟ್ಟ ಬುತ್ತಿ ಹಿಡಿದುಕೊಂಡು ಬರಬೇಕಿತ್ತು. ಅದೊಂದು ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಸಲ ಕಸ್ತೂರಿಬಾಯಿ ಬುತ್ತಿ ಕಟ್ಟುತ್ತ, ನಮ್ಮ ಜೊತೆ ಬಂದಿದ್ದ ನಾಲ್ಕು ಮಂದಿಯ ಎದುರಿಗೆ, ಹೊಲ ಇಲ್ಲದವರಿಗೆ ಈ ರುಚಿ ಎಲ್ಲಿ ಸಿಗಬೇಕು ಎಂದು ಚೇಷ್ಟೆ ಮಾಡಿದರು. ಚೇಷ್ಟೆ ಚಿಕ್ಕದೇ, ಆದರೆ ಹಸಿ ಗಾಯದ ಮೇಲೆ ಬಿತ್ತು.

“ಬರೋ ಎಳ್ಳಮಾಸಿಗಿ ನೀನೇ ನಮ್ಮ ಹೊಲಕ್ಕ ಬಾ. ಬುತ್ತಿ ನಾ ಕಟ್ಟಿ ಕೊಡ್ತೇನಿ,” ಎಂದುಬಿಟ್ಟರು ನಮ್ಮತ್ತೆ.

“ಹೊಲ ಎಲ್ಲದ ಯಕ್ಕಾ?”

“ಬಂದಾಗ ನೋಡು.”

ಮದುವೆಗೆ ಕರೆದು ಬೇಕಾದರೆ ಮುಹೂರ್ತ ಮುಂದೆ ಹಾಕಬಹುದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದು ಬರಬೇಡ ಅನ್ನುವಂತಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಗಂಡ ದೇವಾನಂದ, ನಮಗೆ ಗೊತ್ತಿಲ್ಲದ ಹೊಲ ಯಾವುದವ್ವಾ ಎಂದು ಮೆಲ್ಲಗೆ ಕೇಳಿದರು. ಕಲಬುರಗಿ ಮುಟ್ಟಿ, ಆಟೋ ಇಳಿದ ನಮ್ಮತ್ತೆ ಮನೆಯೊಳಗೆ ಹೋಗದೆ ಎದುರಿನ ಪಾರ್ಕಿನ ಗೇಟಿನ ಮುಂದೆ ನಿಂತುಕೊಂಡರು.

ಪಾರ್ಕು ಎಂದು ನಕ್ಷೆಯಲ್ಲಿತ್ತು ಅಷ್ಟೇ. ಹಂದಿ ಬರುತ್ತವೆಂದು ಬಡಾವಣೆಯ ಸಂಘದವರೇ ಗೇಟಿಗೆ ಕೀಲಿ ಜಡಿದಿದ್ದರು. ಹಂದಿ ಗೋಡೆಯ ಸಂದಿಯಿಂದ ಬಂದವು, ಮನುಷ್ಯರು ಮಾತ್ರ ಹೊರಗುಳಿದರು. ಒಳಗೆ ಎದೆಮಟ್ಟ ಜಾಲಿ. ಮುರಿದ ಜೋಕಾಲಿ. ಅದರ ಮೇಲೆ ನಾವೆಲ್ಲ ಗೋಡೆಯ ಮೇಲಿಂದ ಒಗೆದ ಕಸ. ಪಾರ್ಕು ಹಾಳಾಗಿದೆ ಎಂದು ದಿನಾ ಬೈಯುತ್ತಿದ್ದವರೂ ಅದನ್ನು ಹಾಳು ಮಾಡಿದವರೂ ಒಬ್ಬರೇ. ಮೂಲೆಯಲ್ಲೊಂದು ಬೇವಿನ ಮರ ಮಾತ್ರ ತನ್ನ ಪಾಡಿಗೆ ತಾನು ಬೆಳೆದಿತ್ತು. ಆ ಮರ ನಮ್ಮ ಮಾವನವರು ನೆಟ್ಟದ್ದು, ಈ ಜಾಗ ನಮ್ಮ ಹೊಲದ ಮೇಲಿನ ತುಂಡು ಎಂದು ಅತ್ತೆ ಹೇಳಿದಾಗ ನನಗೆ ಅವರ ಯೋಜನೆ ಅರ್ಥವಾಯಿತು.

ಸಂಘದ ಅಧ್ಯಕ್ಷರು ನೀಲಕಂಠ ಸರ್, ನಿವೃತ್ತ ಉಪನ್ಯಾಸಕರು. ಪಾರ್ಕಿನಲ್ಲಿ ಜೋಳ ಬಿತ್ತುತ್ತೇನೆ ಎಂದು ಒಬ್ಬ ಹೆಂಗಸು ಬಂದು ಹೇಳಿದ್ದನ್ನು ಅವರು ಜೀವಮಾನದಲ್ಲಿ ಮೊದಲ ಸಲ ಕೇಳಿದರು. ಪಾರ್ಕೆಂದರೆ ಹುಲ್ಲುಹಾಸು, ಟೈಲ್ಸಿನ ದಾರಿ, ಅದೂ ದುಡ್ಡು ಬಂದ ಮೇಲೆ ಎಂದು ತಿಳಿಹೇಳಿ ಕಳಿಸಿದರು. ಬೇರೆ ಮನೆಗಳಲ್ಲಿಯೂ ಇದೇ ಉತ್ತರ. ಎಲ್ಲರಿಗೂ ಪಾರ್ಕು ಬೇಕು, ಯಾರಿಗೂ ಪುರಸೊತ್ತಿಲ್ಲ.

ಇಷ್ಟಕ್ಕೆ ಬಿಟ್ಟಾರೆಂದು ನಾನು ಸಮಾಧಾನಪಟ್ಟೆ. ಅವರನ್ನು ನಾನು ಇನ್ನೂ ಸರಿಯಾಗಿ ಅರಿತಿರಲಿಲ್ಲ.

ಹಳ್ಳಿಯಲ್ಲಿ ಮುಯ್ಯಾಳು ಎಂಬುದುಂಟು. ಇವತ್ತು ನಿನ್ನ ಹೊಲದಲ್ಲಿ ನಾನು ದುಡಿದರೆ ನಾಳೆ ನನ್ನ ಹೊಲದಲ್ಲಿ ನೀನು ದುಡಿಯಬೇಕು. ಕೂಲಿಯಿಲ್ಲ, ಆದರೆ ಮುಯ್ಯಿ ಉಳಿಸಿಕೊಂಡವನಿಗೆ ಊರಲ್ಲಿ ಮರ್ಯಾದೆಯೂ ಇಲ್ಲ. ನಮ್ಮತ್ತೆ ಅದನ್ನು ಹಳ್ಳಿಯಿಂದ ಬಡಾವಣೆಗೆ ತಂದರು. ಮರುದಿನದಿಂದ ಯಾರ ಮನೆಯಲ್ಲಿ ಏನು ಕೆಲಸವಿದೆಯೆಂದು ವಾಸನೆ ಹಿಡಿದು ಹೋಗತೊಡಗಿದರು. ಒಂದು ಮನೆಯ ಹಪ್ಪಳ ಲಟ್ಟಿಸಿದರು, ಒಂದು ಮನೆಯ ಕೂಸಿಗೆ ಎಣ್ಣೆ ತೀಡಿ ನೀರು ಹಾಕಿದರು. ನೀಲಕಂಠ ಸರ್ ಅವರ ಹೆಂಡತಿ ಜಯದೇವಿಗೆ ಬೀಗರು ಬರುವ ದಿನ ಜ್ವರ ಬಂದಾಗ ಅವರ ಒಲೆಯ ಮುಂದೆ ಕುಂತು ಬುಟ್ಟಿ ತುಂಬ ರೊಟ್ಟಿ ಬಡಿದರು. ಗೋಡೆಯಾಚೆಗಿನ ಸಲಾವುದ್ದೀನ್ ಚಾಚಾನ ಮಗಳು ತಬಸ್ಸುಮಳ ನಿಶ್ಚಿತಾರ್ಥಕ್ಕೆ ಶೇಂಗಾ ಹೋಳಿಗೆಯನ್ನೆಲ್ಲ ಇವರೇ ಮಾಡಿದರು. ನನಗೆ ನಾಚಿಕೆಯಾಗಿ, ಮಂದಿ ಏನಂದಾರು ಅತ್ತಿ ಎಂದರೆ, ಮಂದಿ ಉಂಡಾರ, ಇನ್ನೇನು ಅಂತಾರ ಎಂದರು.

ಬೇಸಿಗೆ ಮುಗಿಯುತ್ತಿದ್ದಂತೆ ವಸೂಲಿ ಶುರುವಾಯಿತು. ಒಂದು ಆದಿತ್ಯವಾರ ಬೆಳಿಗ್ಗೆ ಸೀರೆ ಕಚ್ಚೆ ಕಟ್ಟಿ, ಕುಡಗೋಲು ಹಿಡಿದು, ಮನೆಮನೆಯ ಬಾಗಿಲು ಬಡಿದರು.

“ನಿಮ್ಮ ಮನ್ಯಾಗ ನಾ ದುಡದೀನಿ. ಇವತ್ತ ನನ್ನ ಹೊಲದಾಗ ಒಂದ ತಾಸು ದುಡೀರಿ. ಮುಯ್ಯಿ ತೀರ್ತದ.”

ಒಬ್ಬೊಬ್ಬರೇ ಮನೆಯಿಂದ ಹೊರಬಿದ್ದರು. ಜಗತ್ ವೃತ್ತದ ಹತ್ತಿರ ವೆಲ್ಡಿಂಗ್ ಅಂಗಡಿಯಿದ್ದ ಸಲಾವುದ್ದೀನ್ ಚಾಚಾ ಮಶೀನು ತಂದು ತುಕ್ಕು ಹಿಡಿದ ಕೀಲಿ ಕತ್ತರಿಸಿದರು. ಗೋಡೆಯ ಸಂದಿ ಮುಚ್ಚಿ, ಜೋಕಾಲಿಗೆ ಹೊಸ ಸರಪಳಿ ಹಾಕಿಕೊಟ್ಟರು. ನೀಲಕಂಠ ಸರ್ ಕೊನೆಗೆ ಬಂದರು. ಆ ರೊಟ್ಟಿಯ ಋಣ ದೊಡ್ಡದಿತ್ತು. ಬಂದವರು ಒಂದು ತಾಸು ಜಾಲಿ ಎಳೆದು, ಕೈಗೆ ಮುಳ್ಳು ಚುಚ್ಚಿಸಿಕೊಂಡು, ಮುಂದಿನ ವಾರ ಕೈಗವಸು ಹಾಕಿಕೊಂಡು ಬಂದರು. ನಗರದ ಕಚೇರಿಗೆ ತಾವೇ ಓಡಾಡಿ ಒಪ್ಪಿಗೆಯನ್ನೂ ತಂದರು. ದಾರಿ, ಹುಲ್ಲು, ಹೂಗಿಡ ಇರಬೇಕು, ಬೇವಿನ ಮರದ ಬುಡಕ್ಕೆ ಮಾತ್ರ ಒಂದು ಪಟ್ಟಿ ಬೆಳೆ. ನಮ್ಮತ್ತೆಗೆ ಬೇಕಾದದ್ದು ಅಷ್ಟೇ. ಅಲ್ಲಿಂದಾಚೆ ಮುಯ್ಯಿ ಯಾರದು ತೀರಿತು, ಯಾರದು ಉಳಿಯಿತು ಎಂದು ಯಾರೂ ನೋಡಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಜೋಳ ಬಿತ್ತಿದರು. ಅಂಚಿಗೆ ಕುಸುಬೆ, ನಡುವೆ ಎರಡು ಸಾಲು ಕಡಲೆ. ಎರೆಮಣ್ಣು ತನ್ನ ಹಳೆಯ ಕೆಲಸ ಮರೆತಿರಲಿಲ್ಲ, ಬೆಳೆ ಆಳೆತ್ತರ ಬಂತು. ತೆನೆ ಹಾಲುಗಟ್ಟುವ ಹೊತ್ತಿಗೆ ಕಲಬುರಗಿಯ ಗಿಳಿಗಳಿಗೆಲ್ಲ ಸುದ್ದಿ ಮುಟ್ಟಿತು. ಆಗ ಪಾರ್ಕಿಗೆ ನಿಜವಾಗಿ ಜೀವ ಬಂತು ಅನ್ನಬೇಕು. ಅಲ್ಲಿಯತನಕ ಕೆಲಸಕ್ಕೆ ಬರುತ್ತಿದ್ದವರು ಈಗ ಹಕ್ಕಿ ಕಾಯಲು ಬರತೊಡಗಿದರು. ಕಾಲೇಜಿನಲ್ಲಿ ಪಾಠ ಹೇಳುವ ತಬಸ್ಸುಮ್ ಬೇವಿನ ಕೆಳಗೆ ಉತ್ತರಪತ್ರಿಕೆ ತಿದ್ದುತ್ತ, ನಡುನಡುವೆ ಚಪ್ಪಾಳೆ ತಟ್ಟುತ್ತಿದ್ದಳು. ವಾಕಿಂಗಿನವರು ಪ್ರತಿ ಸುತ್ತಿಗೂ ಹೋ ಎಂದು ಕೂಗುತ್ತಿದ್ದರು. ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರೂ ಮನೆಯಿಂದ ಹೊರಬೀಳದಿದ್ದ ನನ್ನ ಗಂಡ ಎರಡು ಹೊತ್ತು ಡಬ್ಬಿ ಬಾರಿಸುತ್ತ ಪಟ್ಟಿಯನ್ನು ಸುತ್ತಿದರು. ಸಂಜೆಯಾದರೆ ಹೆಂಗಸರು ಅಲ್ಲೇ ಕುಂತು ತೊಗರಿ ಸುಲಿಯುವುದು, ಮಕ್ಕಳು ಜೋಕಾಲಿಗೆ ಜಗಳವಾಡುವುದು. ಎಷ್ಟೋ ವರ್ಷ ಎದುರುಬದುರು ಇದ್ದೂ ಹೆಸರು ಗೊತ್ತಿಲ್ಲದವರು ಒಬ್ಬರಿಗೊಬ್ಬರು ಉಪ್ಪಿನಕಾಯಿ ಕೊಡತೊಡಗಿದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಕಚೇರಿಯಿಂದ ಬಂದು ಚಹಾದ ಲೋಟ ಹಿಡಿದು ನೇರ ಅಲ್ಲಿಗೇ ಹೋಗುತ್ತಿದ್ದೆ.

ಎಳ್ಳಮಾವಾಸ್ಯೆಗೆ ಇನ್ನೆರಡು ದಿನವಿತ್ತು. ಬೆಳಿಗ್ಗೆ ನಮ್ಮತ್ತೆ ಪಾರ್ಕಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬೆಂಚಿನ ಮೇಲೆ ಸುಮ್ಮನೆ ಕುಂತಿದ್ದರು. ಎದುರಿಗೆ ಜೋಳ ನಿಂತಿತ್ತು. ದಂಟಿದೆ, ಎಲೆಯಿದೆ, ತೆನೆಯಿಲ್ಲ.

ಗಿಳಿಯ ಕೆಲಸ ಅದಲ್ಲ. ಕುಡಗೋಲಿನಿಂದ, ಚಾಕುವಿನಿಂದ, ಉಗುರಿನಿಂದ ಮುರಿದ ಗುರುತಿತ್ತು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲದ ಜೊತೆ ತಿನ್ನುವ ಸೀತನಿ ಎಂದರೆ ನಮ್ಮ ಮಂದಿಗೆ ಪ್ರಾಣ. ಇಷ್ಟು ದಿನ ಹಕ್ಕಿ ಕಾಯ್ದಿದ್ದೇನೆ, ಒಂದು ತೆನೆ ಮುರಿದರೆ ಏನಾಯಿತು ಎಂದು ಪ್ರತಿಯೊಬ್ಬರೂ ಒಂದೊಂದು ಮುರಿದಿದ್ದರು. ಒಂದು ಒಬ್ಬರಿಗೆ ಸಾಲದು, ಹೀಗಾಗಿ ಮರುದಿನ ಇನ್ನೊಂದು. ಕಾಯುವವರು ಜಾಸ್ತಿ, ತೆನೆ ಕಡಿಮೆ. ನಮ್ಮ ಮನೆಯ ಕಸದ ಬುಟ್ಟಿಯಲ್ಲೂ ಸುಟ್ಟ ತೆನೆಯ ಹೊಟ್ಟಿತ್ತು. ದೇವಾನಂದ ನನ್ನ ಮುಖ ನೋಡಲಿಲ್ಲ.

ಅತ್ತೆ ಬೈದಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಅವರು ಬೈಯಲಿಲ್ಲ. “ಕಸ್ತೂರಿ ನಗ್ತಾಳ,” ಎಂದಷ್ಟೇ ಅಂದರು. ಒಂದು ದಿನ ತಂಗಿಯ ಎದುರು ತಲೆಯೆತ್ತಿ ಬಡಿಸಬೇಕೆಂದು ಈ ಮುದುಕಿ ಊರ ಹಪ್ಪಳವನ್ನೆಲ್ಲ ಲಟ್ಟಿಸಿದ್ದರು.

ಸಂಜೆ ಬಡಾವಣೆಯವರೆಲ್ಲ ತಲೆ ತಗ್ಗಿಸಿ ಸೇರಿದರು. ನೀಲಕಂಠ ಸರ್ ಒಂದು ಉಪಾಯ ಹೇಳಿದರು. ಕೋಟನೂರ ಕಡೆಯ ಹೊಲದಿಂದ ತೆನೆ ತಂದು ದಂಟಿಗೆ ಹಸಿರು ದಾರದಿಂದ ಕಟ್ಟಿಬಿಡೋಣ, ದೂರದಿಂದ ಗೊತ್ತಾಗುವುದಿಲ್ಲ. ಚಾಚಾ ಸಣ್ಣ ತಂತಿ ಇನ್ನೂ ಗಟ್ಟಿ ಎಂದರು. ನಮ್ಮತ್ತೆ ಒಪ್ಪಲಿಲ್ಲ.

“ತಂಗಿ ಮುಂದ ಸುಳ್ಳ ಹೇಳಬಹುದು. ಭೂಮಿತಾಯಿ ಮುಂದ ಹ್ಯಾಂಗ ಹೇಳಲಿ?”

ಹಬ್ಬದ ದಿನ ಮಾತ್ರ ಯಾವ ಮನೆಯೂ ಹಿಂದೆ ಬೀಳಲಿಲ್ಲ. ತಪ್ಪು ಮಾಡಿದ ಮಂದಿ ಅಡುಗೆ ಜಾಸ್ತಿ ಮಾಡುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಹೋಳಿಗೆ, ಕೊಪ್ಪರಿಗೆ ಭಜ್ಜಿ, ತಬಸ್ಸುಮ್ ಮನೆಯಿಂದ ಖೀರು. ಬೇವಿನ ಬುಡಕ್ಕೆ ಸುಣ್ಣ ಹಚ್ಚಿದ ಐದು ಕಲ್ಲು ಪಾಂಡವರಾಗಿ ಕುಂತವು. ಹನ್ನೊಂದರ ಸುಮಾರಿಗೆ ಕಸ್ತೂರಿಬಾಯಿ ಗಂಡ ಯಶವಂತರ ಜೊತೆ ಜೀಪಿನಿಂದಿಳಿದರು. ಕೈಯಲ್ಲಿ ಕೆಂಪು ಬಾಳೆಯ ಗೊನೆ. ಸುತ್ತ ಎಲ್ಲ ನೋಡಿದರು. ಜೋಕಾಲಿ ನೋಡಿದರು, ಮಂದಿ ನೋಡಿದರು, ಆಮೇಲೆ ಜೋಳದ ಪಟ್ಟಿಯ ಗುಂಟ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು.

“ತೆನಿ ಎಲ್ಲವ ಯಕ್ಕಾ?”

ನಮ್ಮತ್ತೆ ಸೆರಗು ಸರಿಮಾಡಿಕೊಂಡು, “ಮಂದಿ ತಿಂದಾರ,” ಎಂದರು.

ನೀಲಕಂಠ ಸರ್ ಮುಂದೆ ಬಂದು, ನಾನೂ ತಿಂದೀನಿ ತಾಯಿ, ಎರಡು, ಎಂದರು. ನಾನೂ, ನಾವೂ ಎಂದು ಒಬ್ಬೊಬ್ಬರೇ ಕೈಯೆತ್ತಿದರು. ನನ್ನ ಗಂಡ ಅತ್ತೆಯ ಹಿಂದಿನಿಂದ ಕೈಯೆತ್ತಿದರು. ಕಸ್ತೂರಿಬಾಯಿ ಎಲ್ಲರನ್ನೂ ನೋಡಿ ನಗತೊಡಗಿದರು. ನಗುತ್ತ ನಗುತ್ತ ಬೆಂಚಿನ ಮೇಲೆ ಕುಂತವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಒರೆಸುವಿಕೆ ನಗುವಿನದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ನನ್ನ ಹೊಲದಾಗ ತೆನಿ ಬಾಗಿ ಬಿದ್ದಾವ ಯಕ್ಕಾ. ಮುರದು ತಿನ್ನೋರಿಲ್ಲ,” ಎಂದರು. “ಇವತ್ತ ನಸುಕಿನ್ಯಾಗ ನಾವಿಬ್ಬರ ಚರಗ ಚೆಲ್ಲಿ ಬಂದೀವಿ. ಇವರು ಕೂಗಿದ್ರು. ತಿರುಗಿ ಕೂಗಾಕ ನಾ ಒಬ್ಬಾಕಿ.”

ಅವರ ಸುತ್ತಮುತ್ತಲಿನವರಿಗೆಲ್ಲ ಸ್ವಂತ ಹೊಲವಿದೆ, ಬೇರೆಯವರ ಹೊಲಕ್ಕೆ ಯಾಕೆ ಬರುತ್ತಾರೆ? ನಾವು ಹೋಗುತ್ತಿದ್ದದ್ದರಿಂದ ಅಲ್ಲಿ ಹಬ್ಬವಾಗುತ್ತಿತ್ತು. ನಮ್ಮತ್ತೆ ಇಷ್ಟು ವರ್ಷ ತಾವು ಉಂಡದ್ದನ್ನೇ ಎಣಿಸಿದ್ದರು, ತಂಗಿ ಕಾದು ಕೂಡುತ್ತಿದ್ದದ್ದನ್ನು ಎಣಿಸಿರಲಿಲ್ಲ. ಅವರ ಮುಖದಲ್ಲಿದ್ದ ಸಿಟ್ಟು ಇಳಿದದ್ದು ನನಗೆ ಕಂಡಿತು. ತಂಗಿಯ ಕೈ ಹಿಡಿದು ಎಬ್ಬಿಸಿ, ಚರಗದ ಬುಟ್ಟಿಯನ್ನು ಅವರ ಕಂಕುಳಿಗೆ ಕೊಟ್ಟು, ತಾವು ನೀರಿನ ತಂಬಿಗೆ ಹಿಡಿದು ಹಿಂದೆ ನಡೆದರು.

“ಹುಲ್ಲುಲ್ಲಿಗೋ,” ಎಂದು ಕಸ್ತೂರಿಬಾಯಿ ಚರಗ ಚೆಲ್ಲಿದರು.

“ಚಲಾಂಬರಿಗೋ,” ಎಂದು ಇಡೀ ಪಾರ್ಕು ತಿರುಗಿ ಕೂಗಿತು. ಹಕ್ಕಿ ಕಾಯ್ದು ಪಳಗಿದ ಗಂಟಲುಗಳು. ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ನಿಲ್ಲಿಸಿ ಇಳಿದು ಬಂದ. ಅವನನ್ನೂ ಊಟಕ್ಕೆ ಕೂಡಿಸಿದೆವು. ಎರಡನೇ ಸುತ್ತಿಗೆ ಕಸ್ತೂರಿಬಾಯಿಯವರ ದನಿ ಒಡೆದು ಹೋಗಿತ್ತು, ಆದರೂ ಅವರು ಬುಟ್ಟಿ ಬಿಡಲಿಲ್ಲ.

ಸಂಜೆ ನಮ್ಮತ್ತೆ ಬುತ್ತಿ ಕಟ್ಟಿದರು. ರೊಟ್ಟಿ, ಭಜ್ಜಿ, ಕಡುಬು, ಹೋಳಿಗೆ ಒಂದೂ ಬಿಡದೆ, ಹೊರಲಾರದಷ್ಟು. ಕಸ್ತೂರಿಬಾಯಿ ಎರಡೂ ಕೈಯಿಂದ ಆ ಗಂಟು ಇಸಿದುಕೊಂಡು, ಎದೆಗೆ ಒತ್ತಿ ಹಿಡಿದು, ಈ ಮುಯ್ಯಿ ಉಳಿಸಿಕೊಳ್ಳುವವಳು ನಾನಲ್ಲ, ಬರುವ ವರ್ಷ ಈ ಪಾರ್ಕಿನ ಮಂದಿಯನ್ನೆಲ್ಲ ಕಮಲಾಪುರಕ್ಕೆ ಕರೆದುಕೊಂಡು ಬರಬೇಕು, ಸೀತನಿ ತಿನ್ನಲು, ಎಂದರು. ನೀಲಕಂಠ ಸರ್ ಆಗಲೇ ಟೆಂಪೊ ಗೊತ್ತು ಮಾಡುವ ಮಾತು ಶುರು ಮಾಡಿದರು.

ನಮ್ಮತ್ತೆ ಜೀಪಿನ ಬಾಗಿಲು ಹಿಡಿದು ನಿಂತರು. ಕಣ್ಣು ತುಂಬಿದ್ದವು, ದನಿ ಮಾತ್ರ ಹಳೆಯದೇ.

“ಎಲ್ಲಾರನ್ನೂ ಕರ್ಕೊಂಡು ಬರ್ತೇನಿ. ಆದ್ರ ಬುತ್ತಿ ನಾನ ಕಟ್ಟತೇನಿ, ಈಗ ಹೇಳೀನಿ.”