ಪ್ಯಾರಿಸ್ ಹೆಂಗಸರ ಬಿಳಿ ಅಂಚು

ಬುಡೇನ್ ಸಾಬರು ಕಟ್ಟು ಹಾಕಿದ ಮೂರು ಚಿತ್ರಗಳನ್ನೂ ಬಟ್ಟೆಯಿಂದ ಒರೆಸಿ, ಅಂಗಡಿಯ ಗೋಡೆಗೆ ಒರಗಿಸಿ, “ನೋಡ್ರಿ ಮೇಷ್ಟ್ರೇ, ಹೆಂಗೈತೆ ಫಿಟ್ಟಿಂಗು!” ಎಂದು ಹೆಮ್ಮೆಯಿಂದ ಹಿಂದೆ ಸರಿದರು. ಸೋಮಶೇಖರಪ್ಪ ಮೇಷ್ಟ್ರು ನೋಡಿದರು.

ಚಿತ್ರಗಳ ಸುತ್ತ ಮೂರು ಬೆರಳಗಲ ಇದ್ದ ಬಿಳಿ ಅಂಚು ಮಾಯವಾಗಿತ್ತು. ಕಟ್ಟಿನ ಮರ ನೇರವಾಗಿ ಚಿತ್ರದೊಳಗಿನ ಹೆಂಗಸರ ಪಾದಕ್ಕೇ ಬಂದು ಕೂತಿತ್ತು.

“ಅಂಚು ಎಲ್ರೀ ಸಾಬ್ರೇ?”

“ಕತ್ತರಿಸ್ದೆ. ಲಕ್ಷ್ಮಿ ಫೋಟೋ ಆಗ್ಲಿ, ಮಕ್ಕಾ ಫೋಟೋ ಆಗ್ಲಿ, ಅಂಚು ತೆಗೆದೇ ಕಟ್ಟು ಹಾಕೋದು. ಕ್ಯಾಲೆಂಡರ್ ಕೆಳಗೆ ಎಣ್ಣೆ ಮಿಲ್ಲಿನ ಹೆಸರು ಇರ್ತೈತಲ್ಲ, ಅದು ಯಾರಿಗೆ ಬೇಕ್ರಿ?”

“ಇದು ಕ್ಯಾಲೆಂಡರೇನ್ರಿ? ಅಂಚಿನಾಗೆ ಪೆನ್ಸಿಲ್‌ನಾಗೆ ಬರ್ದಿದ್ದು ಕಾಣ್ಲಿಲ್ವಾ ನಿಮ್ಮ ಕಣ್ಣಿಗೆ?”

“ಕಾಣ್ತು. ಐದರಾಗೆ ಒಂದು ಅಂತ ಏನೋ ಇತ್ತು. ಅಂಗಡಿಯೋರು ಗುರುತಿಗೆ ಹಾಕಿರ್ತಾರೆ ಅಂದ್ಕೊಂಡೆ.”

ಅಯ್ಯೋ ಶಿವನೇ, ಈ ಮನುಷ್ಯನಿಗೆ ಹೇಗೆ ಬಿಡಿಸಿ ಹೇಳುವುದು? ರಬ್ಬರ್ ಹಾಳೆಯಲ್ಲಿ ಚಿತ್ರವನ್ನು ತಿರುವುಮುರುವಾಗಿ ಕೊರೆದು, ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಗಂಟೆಗಟ್ಟಲೆ ತಿಕ್ಕಿ ತೆಗೆದ ಚಿತ್ರಗಳು ಅವು. ಒಂದೊಂದು ಚಿತ್ರಕ್ಕೂ ಐದೇ ಪ್ರತಿ. ಆಮೇಲೆ ಇನ್ನೊಂದು ಪ್ರತಿ ಹುಟ್ಟದಿರಲೆಂದು ಮೇಷ್ಟ್ರು ರಬ್ಬರ್ ಹಾಳೆಗೆ ಅಡ್ಡಡ್ಡ ಚಾಕು ಎಳೆದಿದ್ದರು. ಒಂದೊಂದರಲ್ಲೂ ಉಳಿದ ನಾಲ್ಕು ಪ್ರತಿ ಗೆದ್ದಲಿನ ಪಾಲಾಗಿದ್ದವು. ಕೆಳಗಿನ ಅಂಚಿನಲ್ಲಿ ಸಂಖ್ಯೆ, ಸಹಿ ಇದ್ದರೆ ಅದು ಕಲಾವಿದನ ಕೈಕೆಲಸ, ಇಲ್ಲದಿದ್ದರೆ ಯಾವುದೋ ಪುಸ್ತಕದಿಂದ ಹರಿದ ಹಾಳೆ. ಬೆಂಗಳೂರಿನ ಪ್ರದರ್ಶನದವರು ಕಾಗದದಲ್ಲಿ ಇದನ್ನೇ ಬರೆದಿದ್ದರು. ಚಿತ್ರ ತಲುಪಿಸಲು ನಾಳೆಯೇ ಕೊನೆಯ ದಿನ. ಬಸ್ಸು ಇವತ್ತು ಸಂಜೆ ಐದಕ್ಕೆ. ಮೊಳಕಾಲ್ಮೂರಿನ ಡ್ರಾಯಿಂಗ್ ಮೇಷ್ಟ್ರಿಗೆ ಅರವತ್ತೆರಡು ವರ್ಷದಲ್ಲಿ ಬಂದ ಮೊದಲ ಕರೆ ಅದು.

“ಕತ್ತರಿಸಿದ ತುಂಡಾದ್ರೂ ಕೊಡ್ರಿ.”

ಸಾಬರು ಗಡ್ಡ ಕೆರೆದುಕೊಂಡರು. “ಬೆಳಿಗ್ಗೆ ಮನೆಯೋಳು ಬಚ್ಚಲೊಲೆಗೆ ಹಾಕಿದ್ಳು. ತಪ್ಪಾತು ಮೇಷ್ಟ್ರೇ. ಇನ್ನೊಂದ್ಸಲ ಸಹಿ ಹಾಕ್ಬಿಡ್ರಿ, ಗಾಜು ಬಿಚ್ಚಿಕೊಡ್ತೀನಿ.”

ಸಹಿಯಂತೆ! ಲಕ್ವ ಹೊಡೆದ ಬಲಗೈ ಐದು ತಿಂಗಳಿಂದ ನೇತಾಡುತ್ತಿತ್ತು. ಆದರೂ ಮೇಷ್ಟ್ರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದು ರಟ್ಟಿನ ಮೇಲೆ ಗೀಚಿ ನೋಡಿದರು. ಕೋಳಿ ಕೆರೆದಂತಾಯಿತು. ಇನ್ನೊಮ್ಮೆ ಬರೆದರೆ ಅದಕ್ಕಿಂತ ಕಡೆ. ಪೆನ್ಸಿಲನ್ನು ರಸ್ತೆಗೆ ಬೀಸಾಡಿದರು.

ಚಿತ್ರದ ಗಂಟು ಹೊರಲೆಂದು ಜೊತೆಗೆ ಬಂದಿದ್ದ ಪಕ್ಕದ ಮನೆಯ ಕರಿಯಕ್ಕ ಎದ್ದುಹೋಗಿ ಅದನ್ನು ಆರಿಸಿಕೊಂಡು ಬಂದಳು. ಸೆರಗಿನಲ್ಲಿ ಒರೆಸುತ್ತ ಮೆಲ್ಲಗೆ, “ಹೆಬ್ಬೆಟ್ಟು ಒತ್ತಿಬಿಡ್ರಿ ಮೇಷ್ಟ್ರೇ,” ಎಂದಳು.

“ಬಾಯಿ ಮುಚ್ಚು!”

ಹಾದಿಯಲ್ಲಿದ್ದವರು ತಿರುಗಿ ನೋಡಿದರು. ಕರಿಯಕ್ಕ ಹೆದರಲಿಲ್ಲ. “ಹೆಬ್ಬೆಟ್ಟು ಒತ್ತಲ್ಲ ಅನ್ನೋ ಹಟಕ್ಕೆ ನಾಕು ತಿಂಗ್ಳಿಂದ ಬ್ಯಾಂಕಿಗೂ ಹೋಗಿಲ್ಲ. ಪಿಂಚಣಿ ಅಲ್ಲೇ ಕೊಳೀತೈತೆ. ಯಾರ ಮೇಲ್ರಿ ನಿಮ್ಮ ಸಿಟ್ಟು?”

ಯಾರ ಮೇಲೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಸಾಬರ ಮೇಲೆ, ಸತ್ತ ಕೈಯ ಮೇಲೆ, ಎಲ್ಲದರ ಮೇಲೂ ಇತ್ತು. ಹತ್ತು ವರ್ಷದ ಹಿಂದೆ ಸಾಕ್ಷರತಾ ಆಂದೋಲನದಲ್ಲಿ ಕೇರಿಯ ಹೆಂಗಸರನ್ನು ಲಾಂದ್ರದ ಬೆಳಕಿಗೆ ಕೂರಿಸಿ, “ಹೆಬ್ಬೆಟ್ಟು ಒತ್ತೋದು ನಾಚಿಕೆಗೇಡು, ತಿಳೀತಾ?” ಎಂದು ಗಂಟಲು ಹರಿದುಕೊಂಡವರು ಇವರೇ. ಈಗ ತಾವೇ ಮಸಿಗೆ ಬೆರಳು ಅದ್ದಬೇಕೆ?

ಕಣ್ಣು ಚಿತ್ರದ ಕಡೆ ಹೋಯಿತು. ಹಸಿದ ಪ್ಯಾರಿಸ್ ಹೆಂಗಸರು ರೊಟ್ಟಿ ಕೊಡಿ ಎಂದು ಅರಸನ ಬಾಗಿಲಿಗೆ ನಡೆದುಹೋದ ಕಥೆ ಅದು. ಪ್ಯಾರಿಸ್ಸನ್ನು ಮೇಷ್ಟ್ರು ಎಲ್ಲಿ ನೋಡಿದ್ದರು? ಅರಮನೆಯ ಬಾಗಿಲು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗೇಟಿನಂತಿತ್ತು. ಮುಂದೆ ಒನಕೆ ಹಿಡಿದು ನಡೆಯುವವಳು ಕರಿಯಕ್ಕನೇ. ರಾತ್ರಿ ಪಾಠದಲ್ಲಿ ಈ ಕಥೆ ಹೇಳಿದ ದಿನ, ಸ್ಲೇಟು ಮುಟ್ಟಲೊಲ್ಲದೆ ಮೂಲೆಯಲ್ಲಿ ತೂಕಡಿಸುತ್ತಿದ್ದ ಅವಳು ತಲೆಯೆತ್ತಿ, “ಕೊನಿಗೆ ರೊಟ್ಟಿ ಸಿಕ್ತಾ ಅವ್ರಿಗೆ?” ಎಂದು ಕೇಳಿದ್ದಳು. ಮಾರನೆಯ ದಿನದಿಂದ ಬರೆಯಲು ಕೂತಳು.

“ಸಾಬ್ರೇ, ಮಸಿ ಪ್ಯಾಡ್ ಐತೇನ್ರಿ?” ಎಂದರು ಮೇಷ್ಟ್ರು.

ಸಾಬರು ಪಕ್ಕದ ಅಂಗಡಿಯಿಂದ ಪ್ಯಾಡ್ ತಂದು, ಮೊಳೆ ಕಿತ್ತು, ಗಾಜು ತೆಗೆದರು. ಮೊದಲ ಚಿತ್ರದಲ್ಲಿ ಹೆಂಗಸರು ನಡೆಯುತ್ತಿದ್ದ ಬಿಳಿ ದಾರಿಯ ಮೇಲೆ ಮೇಷ್ಟ್ರು ಎಡ ಹೆಬ್ಬೆಟ್ಟು ಒತ್ತಿದರು. ಕಣ್ಣಲ್ಲಿ ನೀರು ನಿಂತಿತು. ಅದಕ್ಕೂ ಸಿಟ್ಟು ಬಂತು.

“ಹೆಬ್ಬೆಟ್ಟಿಗೆ ಸಾಕ್ಷಿ ಬೇಕು. ಓದುಬರಹ ಬಲ್ಲೋರು ಪಕ್ಕದಾಗೆ ಸಹಿ ಹಾಕ್ಬೇಕು. ಇಲ್ಲಾಂದ್ರೆ ಬ್ಯಾಂಕಿನಾಗೇ ಒಪ್ಪಲ್ಲ, ಇನ್ನು ಬೆಂಗ್ಳೂರ್ನೋರು ಒಪ್ತಾರಾ?” ಎಂದು ಸಾಬರು ಪೆನ್ಸಿಲಿಗೆ ಕೈಚಾಚಿದರು.

“ಈ ಚಿತ್ರ ಮುಟ್ಟಿದ್ದು ಸಾಕು ನೀವು,” ಎಂದು ಗದರಿದರು ಮೇಷ್ಟ್ರು. “ಕರಿಯಕ್ಕ, ಬಾ ಇಲ್ಲಿ. ಬರಿ.”

“ನಾನಾ?”

“ಇದನ್ನ ಕೊರೆಯುವಾಗ ದಿನಾ ಬಂದು ನೋಡ್ದೋಳು ನೀನಲ್ದೆ ಇನ್ಯಾರು? ಮೆಲ್ಲಗೆ. ಸ್ಲೇಟಲ್ಲ ಇದು.”

ಕರಿಯಕ್ಕ ನೆಲದಲ್ಲಿ ಮಂಡಿಯೂರಿ, ನಾಲಿಗೆ ಕಚ್ಚಿಕೊಂಡು, ಹೆಬ್ಬೆಟ್ಟಿನ ಪಕ್ಕ ತನ್ನ ಹೆಸರು ಬರೆದಳು. ಅಕ್ಷರಗಳು ಒಂದರ ಹಿಂದೆ ಒಂದು ಡೊಂಕಾಗಿ ನಡೆದವು. ಬರೆದು ಮುಗಿಸಿ ತಲೆಯೆತ್ತಿದಳು.

“ತಪ್ಪಾತಾ ಮೇಷ್ಟ್ರೇ?”

ಮೇಷ್ಟ್ರು ಕನ್ನಡಕ ತೆಗೆದು ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಸರಿ ಐತೆ,” ಎಂದರು. “ಇನ್ನೂ ಎರಡವೆ. ಬರಿ. ನಾಳಿದ್ದು ಬ್ಯಾಂಕಿಗೂ ನೀನೇ ಬರ್ಬೇಕು.”