ಗಂಧಕದ ಕೊಂಡಿ

ಅಜ್ಜನ ಟೋಪಿಗೆ ಯಾವಾಗಲೂ ಗಂಧಕದ ವಾಸನೆ. ಬೂದಿರೋಗ ತಗಲದಿರಲೆಂದು ಬೆಳಗಿನ ಹೊತ್ತು ದ್ರಾಕ್ಷಿಬಳ್ಳಿಗೆ ಗಂಧಕದ ಹಳದಿ ಪುಡಿ ಎರಚಿ ಬಂದವನು ಆ ಟೋಪಿಯನ್ನು ಮೊಮ್ಮಗಳ ತಲೆಗೆ ಹಾಕುತ್ತಿದ್ದ. ಓರ್ನೆಲ್ಲಾ ಮೂಗು ಮುಚ್ಚಿಕೊಂಡು ಸರೋವರದ ಕಡೆ ಓಡುತ್ತಿದ್ದಳು. ಆ ಅಜ್ಜನ ರಕ್ತದಲ್ಲೊಂದು ಸೋಜಿಗವಿತ್ತು. ರಕ್ತನಾಳದಿಂದ ಕೊಲೆಸ್ಟರಾಲ್ ಹೊತ್ತೊಯ್ಯುವ ಪ್ರೋಟೀನು ಅವರ ಹಳ್ಳಿಯ ಕೆಲವು ಮನೆತನಗಳಲ್ಲಿ ಒಂದೇ ಒಂದು ಕಡೆ ಬೇರೆಯಾಗಿತ್ತು. ಅವರ ರಕ್ತನಾಳಗಳು ಮುಪ್ಪಿನಲ್ಲೂ ಸ್ವಚ್ಛ.

ಈಗ ಮಿಲಾನಿನ ಪ್ರಯೋಗಾಲಯದಲ್ಲಿ ಓರ್ನೆಲ್ಲಾ ಅದೇ ಪ್ರೋಟೀನನ್ನು ಬ್ಯಾಕ್ಟೀರಿಯಾಗಳ ಕೈಲಿ ಮಾಡಿಸುತ್ತಿದ್ದಳು. ಬಸುರಿ ಬೇರೆ, ಯಾವ ವಾಸನೆಯೂ ಸೇರುತ್ತಿರಲಿಲ್ಲ.

ಆ ದಿನ, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ತೋರಿಸುವ ಪರೀಕ್ಷೆಯ ಜೆಲ್ಲಿನ ಮೇಲೆ ನೀಲಿ ಗೆರೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮೇಲೆ, ಎರಡರಷ್ಟು ತೂಕದ ಜಾಗದಲ್ಲಿ ನಿಂತಿತ್ತು.

"ಬ್ಯಾಕ್ಟೀರಿಯಾದ್ದೇ ಯಾವುದೋ ಪ್ರೋಟೀನು ಸೇರ್ಕೊಂಡಿದೆ," ಎಂದರು ಪ್ರೊಫೆಸರ್ ಬೋನ್‌ಫಾಂತಿ. "ಸಂಜೆಯೊಳಗೆ ಸರಿಹೋಗ್ದಿದ್ರೆ ಇಡೀ ಪಾಕ ಚೆಲ್ಲಿಬಿಡಮ್ಮ."

ಚಳಿಗಾಲವೆಲ್ಲ ದುಡಿದು ಮಾಡಿದ ಪಾಕ! ಓರ್ನೆಲ್ಲಾ ಗೆರೆಯನ್ನೇ ನೋಡುತ್ತ ಕೂತಳು. ಕಲಬೆರಕೆಯಾದರೆ ಸರಿಯಾಗಿ ಎರಡರಷ್ಟೇ ಏಕೆ? ಆಮೇಲೆ ಇನ್ನೊಂದು ಹೊಳೆಯಿತು. ಬೆಳಗಿನಿಂದ ತನಗೆ ಒಮ್ಮೆಯೂ ವಾಕರಿಕೆ ಬಂದಿಲ್ಲ.

"ತಾರ್ಚೀಸಿಯೊ ಮಾಮ, ಮಾದರಿಗೆ ಆ ಕೊಳೆತ ಮೊಟ್ಟೆ ವಾಸನೆಯ ಔಷಧಿ ಹಾಕಿದ್ರಾ?"

ಮುದುಕ ಸಹಾಯಕ ಕನ್ನಡಕ ಒರೆಸತೊಡಗಿದ. "ಇಲ್ಲ ಕಣಮ್ಮಾ. ನಿನ್ನೆ ಬಾಟಲಿ ತೆಗೆದ ಕೂಡ್ಲೇ ಸಿಂಕಿಗೆ ಓಡಿದ್ಯಲ್ಲ, ನೋಡೋಕಾಗ್ಲಿಲ್ಲ. ಮಾಮೂಲಿ ಪ್ರೋಟೀನಿಗೆ ಅದಿಲ್ದೆನೇ ಎಷ್ಟೋ ಸಲ ಮಾಡಿದೀನಿ, ಏನೂ ಆಗಿಲ್ಲ."

ಓರ್ನೆಲ್ಲಾ ನಕ್ಕುಬಿಟ್ಟಳು. "ಮಾಮೂಲಿದಕ್ಕೆ ಕೊಂಡಿ ಇಲ್ಲ ಮಾಮ. ನಮ್ಮೂರಿನದಕ್ಕೆ ಗಂಧಕದ ಕೊಂಡಿ ಇದೆ. ಎರಡು ಸಿಕ್ರೆ ಕೈ ಹಿಡ್ಕೊಂಡ್ಬಿಡ್ತವೆ. ಬಿಡಿಸೋದೇ ಆ ಔಷಧಿ."

"ನಿಮ್ಮೂರೋರು ರಕ್ತದಲ್ಲೂ ಗುಂಪು ಕಟ್ತೀರಾ?"

"ನೀವು ದಿನಾ ತರೋ ಬೆಳ್ಳುಳ್ಳಿ ಊಟದ ಡಬ್ಬಿ ತೆರೆದ್ರೆ ಆ ಗುಂಪೂ ಚೆದುರುತ್ತೆ!"

"ಸಾಕು, ಹೋಗಿ ಅಂಗಳದಲ್ಲಿ ಕೂತ್ಕೊ. ಬಾಟಲಿ ನಾನು ತೆಗೀತೀನಿ."

ಅಂಗಳದ ಕಲ್ಲುಬೆಂಚು ಬಿಸಿಲಿಗೆ ಬೆಚ್ಚಗಿತ್ತು. ಅಜ್ಜನ ಟೋಪಿ ಈಗ ಸಿಕ್ಕಿದ್ದರೆ ಹಾಕಿಕೊಳ್ಳಬಹುದಿತ್ತೆನಿಸಿತು ಅವಳಿಗೆ. ಹೊಟ್ಟೆಯೊಳಗಿನ ಕೂಸಿಗೂ ಆ ಕೊಂಡಿ ಬಂದಿದೆಯೋ ಏನೋ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪ್ರೊಫೆಸರು ಕಿಟಕಿಯಿಂದ ತಲೆ ಹೊರಹಾಕಿದರು. "ಗೆರೆ ತನ್ನ ಜಾಗಕ್ಕೆ ಇಳೀತು! ಚೆಲ್ಬೇಡಮ್ಮ, ಒಂದು ಹನಿನೂ ಚೆಲ್ಬೇಡ!"

ಹಿಂದೆಯೇ ಕೈ ತೊಳೆದುಕೊಂಡು ತಾರ್ಚೀಸಿಯೊ ಬಂದ. ಬೆಳಿಗ್ಗೆ ಮನೆಯಿಂದ ಕಟ್ಟಿಕೊಂಡು ತಂದಿದ್ದ ತನ್ನ ಊಟದ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟ. ಓರ್ನೆಲ್ಲಾ ಉಸಿರು ಬಿಗಿಹಿಡಿದು ಮುಚ್ಚಳ ತೆರೆದಳು. ಒಳಗೆ ಆರಿದ ಬಿಳಿ ಅನ್ನ, ಮೇಲೆ ಒಂದಿಷ್ಟು ಎಣ್ಣೆ, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು. ಬೆಳ್ಳುಳ್ಳಿ ಇರಲಿಲ್ಲ.