ನಕಲು ಎಂದು ನಿಜ ಹೇಳಿದ ಸ್ಟ್ಯಾನಿ

ಪರದೆಯ ಮೇಲಿನ ಪ್ರಶ್ನೆಯನ್ನು ಓದಿದಾಗ ಸ್ಟ್ಯಾನಿಸ್ಲಾಸನಿಗೆ ಮೊದಲು ಆದದ್ದು ಅವಮಾನ.

'ಈ ಯಂತ್ರವನ್ನು ನೀವು ಸ್ಥಳಾಂತರಿಸಿದ್ದೋ, ನಕಲು ಮಾಡಿದ್ದೋ?' ಎಂದು ಹೊಸ ಸರ್ವರ್ ಕೇಳುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಕೆಳಗೆ ಇನ್ನೊಂದು ಸಾಲಿತ್ತು: 'ಗೊತ್ತಿಲ್ಲದಿದ್ದರೆ ನಕಲು ಎಂದು ಉತ್ತರಿಸಿ.'

"ಗೊತ್ತಿಲ್ಲದಿದ್ದರೆ ಅಂತೆ!" ಎಂದು ಅವನು ಖಾಲಿ ಕೋಣೆಯಲ್ಲಿ ಜೋರಾಗಿಯೇ ಹೇಳಿದ. ಭಾನುವಾರ ಮಧ್ಯಾಹ್ನ. ಮಣಿಪಾಲದ ಆ ರಕ್ತ ಪರೀಕ್ಷಾ ಲ್ಯಾಬಿನಲ್ಲಿ, ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವನನ್ನು ಬಿಟ್ಟು ಇದ್ದದ್ದು ಎ.ಸಿ. ಒಂದೇ.

ಲ್ಯಾಬಿಗೆ ಉಡುಪಿ, ಕಾಪು ಮತ್ತು ಕಾರ್ಕಳದಲ್ಲಿ ಶಾಖೆಗಳಿದ್ದವು. ಮೂರು ಶಾಖೆಗಳ ಲೆಕ್ಕಕ್ಕೆ ಮೂರು ಕಂಪ್ಯೂಟರುಗಳಿದ್ದರೂ ಅವಕ್ಕೆ ಮೈಯೆಂಬುದು ಇರಲಿಲ್ಲ. ಮಣಿಪಾಲದ ಒಂದೇ ಸರ್ವರಿನ ಹೊಟ್ಟೆಯೊಳಗೆ ಮೂರೂ ಪ್ರತ್ಯೇಕವಾಗಿ ಬದುಕುತ್ತಿದ್ದವು. ಇಂಥವನ್ನು ವರ್ಚುವಲ್ ಮೆಷಿನ್ ಎನ್ನುತ್ತಾರೆ. ಲ್ಯಾಬಿನ ಯಜಮಾನಿ ಡಾಕ್ಟರ್ ಕುಶಲಾ ಶೆಟ್ಟಿಯವರಿಗೆ ಇದನ್ನು ವಿವರಿಸುವಾಗ ಸ್ಟ್ಯಾನಿ, "ಒಂದೇ ಕಟ್ಟಡದಲ್ಲಿ ಮೂರು ಬಾಡಿಗೆ ಸಂಸಾರ ಇದ್ದ ಹಾಗೆ ಡಾಕ್ಟ್ರೇ" ಎಂದಿದ್ದ. ಆ ಕಟ್ಟಡಕ್ಕೆ ಈಗ ವಯಸ್ಸಾಗಿತ್ತು. ಹೊಸ ಸರ್ವರ್ ಬಂದಿತ್ತು. ಸಾಗಾಟದ ಕೆಲಸವನ್ನು ಹೊರಗಿನ ಒಂದು ಕಂಪೆನಿಗೆ ಕೊಡುವುದೆಂದು ಡಾಕ್ಟರು ಹೊರಟಾಗ ಸ್ಟ್ಯಾನಿಗೆ ತಡೆಯಲಾಗಲಿಲ್ಲ.

"ಇದಕ್ಕೆ ಹೊರಗಿನವರು ಯಾಕೆ? ಭಾನುವಾರ ಮುಚ್ಚುತ್ತೇನೆ, ಸೋಮವಾರ ತೆರೆಯುತ್ತೇನೆ. ಯಾರಿಗೂ ಗೊತ್ತಾಗಲಿಕ್ಕಿಲ್ಲ."

ಹಾಗೆ ಹೇಳಿದ ಮೇಲೆ ಅದೇ ಮಾತನ್ನು ಮೂರೂ ಶಾಖೆಗಳ ಗ್ರೂಪಿಗೆ ಸಂದೇಶವಾಗಿಯೂ ಕಳಿಸಿದ್ದ. ಕಳಿಸೆಂದು ಯಾರೂ ಕೇಳಿರಲಿಲ್ಲ.

ಈಗ ಸರ್ವರ್ ಉತ್ತರಕ್ಕೆ ಕಾಯುತ್ತಿತ್ತು. ಉತ್ತರ ಸಿಗುವ ತನಕ ಉಡುಪಿಯ ಯಂತ್ರ ಏಳುವುದಿಲ್ಲ. ಸ್ಟ್ಯಾನಿ ಯೋಚಿಸಿದ. ಅವನು ನಿಜವಾಗಿ ಮಾಡಿದ್ದೇನು? ಹಳೆಯ ಸರ್ವರಿನಿಂದ ಕಡತಗಳನ್ನು ಡಿಸ್ಕಿಗೆ ನಕಲು ಮಾಡಿದ್ದ. ಡಿಸ್ಕಿನಿಂದ ಹೊಸದಕ್ಕೆ ನಕಲು ಮಾಡಿದ್ದ. ಹಳೆಯದನ್ನು ಅಳಿಸಿರಲಿಲ್ಲ. ಏನಾದರೂ ಎಡವಟ್ಟಾದರೆ ಬೇಕಾಗುತ್ತದೆ ಎಂದು, ಆ ಸರ್ವರನ್ನು ಬಂದ್ ಮಾಡಿ ಮೂಲೆಯಲ್ಲಿಟ್ಟಿದ್ದ. ಅಂದಮೇಲೆ ಇದು ನಕಲಲ್ಲದೆ ಇನ್ನೇನು? ಸ್ಥಳಾಂತರಿಸಿದೆ ಎಂದರೆ ಸುಳ್ಳಾಗುತ್ತದೆ.

ಸುಳ್ಳು ಹೇಳುವವರ ಪೈಕಿ ಸ್ಟ್ಯಾನಿ ಅಲ್ಲ. ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ತಾರೀಕು ತಪ್ಪಿದ್ದರೆ ಪೆನ್ನು ತೆಗೆದು ತಿದ್ದಿ ಬರುವವನು. ಬಸ್ಸಿನ ಕಂಡಕ್ಟರ್ "ಎಲ್ಲಿಗೆ?" ಎಂದರೆ ಊರಿನ ಹೆಸರು ಹೇಳಿ, ಅಲ್ಲಿಂದ ಮುಂದೆ ನಡೆದು ಹೋಗುವುದೆಲ್ಲಿಗೆ ಎಂಬುದನ್ನೂ ಸೇರಿಸುವವನು. ಕಾಪುವಿನಿಂದ ಉಡುಪಿಗೆ ಮನೆ ಬದಲಾಯಿಸಿದಾಗ, ಇಗರ್ಜಿಯ ವಾರ್ಡಿನ ಮುಖ್ಯಸ್ಥರಾದ ಗುರಿಕಾರ ಲಾಯ್ಡ್, "ನೀವು ಇಲ್ಲಿಗೆ ಬಂದದ್ದಾ, ಅಥವಾ ಅಲ್ಲಿಯೂ ಉಂಟಾ?" ಎಂದು ಕೇಳಿದ್ದರು. ಕಾಪುವಿನಲ್ಲಿ ತಮ್ಮ ಮ್ಯಾಥ್ಯೂ ಇದ್ದಾನೆ, ಹಬ್ಬಕ್ಕೆ ಅಲ್ಲಿಗೂ ಹೋಗುವುದುಂಟು, ಆದ್ದರಿಂದ ಪೂರ್ತಿ ಬಂದೆ ಎನ್ನುವುದು ಸರಿಯಲ್ಲ ಎಂದು ಸ್ಟ್ಯಾನಿ ಅಂಗಳದಲ್ಲಿ ನಿಂತು ವಿವರಿಸಿದ್ದ. ಗುರಿಕಾರರು ಕೊನೆಗೆ, "ಸರಿ ಮಾರಾಯ್ರೆ, ಎರಡೂ ಕಡೆ ಇರಲಿ" ಎಂದು ತಪ್ಪಿಸಿಕೊಂಡಿದ್ದರು.

ಅವನು 'ನಕಲು' ಒತ್ತಿದ. ಕಾಪುವಿಗೂ ನಕಲು, ಕಾರ್ಕಳಕ್ಕೂ ನಕಲು. ಮೂರೂ ಯಂತ್ರಗಳು ಎದ್ದು ಹಸಿರು ಗುರುತು ತೋರಿಸಿದವು. ಸ್ಟ್ಯಾನಿ ಡಾಕ್ಟರಿಗೆ ಸಂದೇಶ ಕಳಿಸಿದ: 'ಮುಗಿಯಿತು. ಯಾರಿಗೂ ಗೊತ್ತಾಗಲಿಕ್ಕಿಲ್ಲ.' ಮನೆಗೆ ಹೋಗಿ ಹಂದಿ ಸಾರಿನಲ್ಲಿ ಇಡ್ಲಿಯಂಥ ಸನ್ನಣ ಅದ್ದಿ, ಹೆಂಡತಿ ವೆರೊನಿಕಾ ಬೇಡ ಎನ್ನುವ ತನಕ ತಿಂದ.

ಮೊದಲು ಗೊತ್ತಾದದ್ದು ಹಿರಿಯಡ್ಕದ ಉಮಾನಾಥರಿಗೆ.

ಸೋಮವಾರ ಬೆಳಿಗ್ಗೆ ಕಾರ್ಕಳ ಶಾಖೆಯ ಚೈತಾಲಿ ಫೋನ್ ಮಾಡಿದಳು. "ಸರ್, ರಿಪೋರ್ಟಿನ ಮೇಲೆ ಅಡ್ಡಕ್ಕೆ ದೊಡ್ಡದಾಗಿ 'ನೋಂದಣಿಯಾಗದ ಪ್ರತಿ' ಅಂತ ಬರ್ತಾ ಉಂಟು. ಇಲ್ಲಿ ಒಬ್ಬರು ಬಿಡ್ತಾ ಇಲ್ಲ, ಫೋನ್ ಕೊಡ್ತೇನೆ."

"ನೋಡಿ ಮಾರಾಯ್ರೆ," ಎಂದಿತು ಒಂದು ಗಟ್ಟಿ ಧ್ವನಿ. "ನಾನು ಉಮಾನಾಥ, ಹಿರಿಯಡ್ಕ. ಸಕ್ಕರೆ ಇನ್ನೂರ ಹತ್ತು ಅಂತ ಉಂಟು. ಅದರ ಮೇಲೆ ನೋಂದಣಿ ಇಲ್ಲ ಅಂತ ಉಂಟು. ಹಾಗಾದರೆ ಇದು ನನ್ನ ಸಕ್ಕರೆಯಾ, ಅಲ್ವಾ? ಇವತ್ತು ಅಳಿಯನ ಮನೆಯಲ್ಲಿ ಊಟ ಉಂಟು. ಹೋಳಿಗೆ ಮುಟ್ಟಬಹುದಾ?"

"ಸಕ್ಕರೆ ನಿಮ್ಮದೇ. ಹೋಳಿಗೆ ಬೇಡ."

"ಬೇಡ ಅಂತ ನೋಂದಣಿಯಾದ ಕಾಗದದಲ್ಲಿ ಕೊಡಿ. ಅಲ್ಲಿಯವರೆಗೆ ನಾನು ತಿನ್ನುವವನೇ."

ಉಡುಪಿ, ಕಾಪುವಿನಲ್ಲೂ ಇದೇ ಕತೆ. ರಿಪೋರ್ಟಿನ ತಂತ್ರಾಂಶ ಮಾಡಿದವರಿಗೆ ಸ್ಟ್ಯಾನಿ ಫೋನ್ ಮಾಡಿದ. ಅತ್ತ ಕಡೆಯವನು ಬಹಳ ಸೌಜನ್ಯದಿಂದ ಹೇಳಿದ: "ಸಾರ್, ನಮ್ಮ ಪರವಾನಗಿ ಯಂತ್ರದ ಗುರುತು ಸಂಖ್ಯೆಗೆ ಕಟ್ಟಿರೋದು. ಈ ಮೂರು ಯಂತ್ರ ನಮಗೆ ಗೊತ್ತೇ ಇಲ್ಲ. ಹೊಸದಾಗಿ ನೋಂದಾಯಿಸಿ, ಬುಧವಾರದ ಒಳಗೆ ಆಗತ್ತೆ."

ನಕಲು ಎಂದದ್ದೇ ತಡ, ಸರ್ವರ್ ಮೂರಕ್ಕೂ ಹೊಸ ಗುರುತು ಕೊಟ್ಟುಬಿಟ್ಟಿತ್ತು. ಒಳಗಿನ ಸಾಮಾನೆಲ್ಲ ಹಳೆಯದೇ, ಹೆಸರು ಹಳೆಯದೇ. ಆದರೆ ಹೊರಗಿನವರ ಕಣ್ಣಿಗೆ ಅವು ನಿನ್ನೆ ಹುಟ್ಟಿದವು.

ಅಷ್ಟರಲ್ಲಿ ಡಾಕ್ಟರ್ ಕುಶಲಾ ಬಾಗಿಲಲ್ಲಿ ನಿಂತಿದ್ದರು. "ಎಂತ ಸ್ಟ್ಯಾನಿ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂದ್ರಿ. ಹಿರಿಯಡ್ಕದವರೆಗೆ ಗೊತ್ತಾಯ್ತಲ್ಲ?"

ಸ್ಟ್ಯಾನಿ ಎದ್ದು ನಿಂತ. ಬುಧವಾರ ಎಂಬ ಪದವನ್ನು ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದ.

"ಬುಧವಾರ ಆಗುವುದಿಲ್ಲ. ಆ ಹೊರಗಿನ ಕಂಪೆನಿಯವರನ್ನು ಕರೆದಿದ್ದೇನೆ, ಮಧ್ಯಾಹ್ನ ಬರ್ತಾರೆ. ಅವರು ಅರ್ಧ ಕೆಲಸ ಮುಟ್ಟುವುದಿಲ್ಲವಂತೆ. ಮುಟ್ಟಿದರೆ ಇಡೀ ಸರ್ವರ್ ಅವರದ್ದೇ, ಇನ್ನು ಮುಂದಕ್ಕೂ."

"ಮತ್ತೆ ನಾನು?"

"ಕಾಪುವಿನಲ್ಲಿ ಕೌಂಟರಿಗೆ ಜನ ಬೇಕು ಅಂತ ಉಂಟು. ನಿಮ್ಮ ಊರೇ ಅಲ್ವಾ?" ಡಾಕ್ಟರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ಸ್ಟ್ಯಾನಿಗೆ ನಡುಕ ಹುಟ್ಟಿಸಿದ್ದು ಅದೇ.

ಅವರು ಹೋದ ಮೇಲೆ ಅವನು ಪರದೆಯನ್ನು ನೋಡುತ್ತ ಕುಳಿತ. ಮೂತ್ರದ ಡಬ್ಬಿಗಳಿಗೆ ಚೀಟಿ ಅಂಟಿಸುವ ತನ್ನ ಚಿತ್ರ ಸ್ಪಷ್ಟವಾಗಿ ಕಂಡಿತು. ಹೆಸರುಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾಯುವವರ ಸಾಲು ಮಾತ್ರ ಬಾಗಿಲಿನಾಚೆ ಹೋಗಿತ್ತು.

ಆಗಲೇ ವೆರೊನಿಕಾ ಫೋನ್ ಮಾಡಿದಳು. "ಗುರಿಕಾರರು ಕೇಳಿದರು. ಮೊಂತಿ ಫೆಸ್ತಿನ ತೆನೆ ನಮಗೆ ಈ ಸಲವೂ ಎರಡು ಕಡೆಯಿಂದಲಾ ಅಂತ."

ಕನ್ಯಾಮರಿಯಮ್ಮನ ಆ ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಮನೆಗೊಂದರಂತೆ ಹಂಚುತ್ತಾರೆ. ಹೋದ ವರ್ಷ ಉಡುಪಿಯಲ್ಲೂ ಒಂದು, ಕಾಪುವಿನಲ್ಲೂ ಒಂದು ಸಿಕ್ಕಿ, ಎರಡನೆಯದನ್ನು ಏನು ಮಾಡುವುದೆಂದು ಇವರಿಗೆ ತಿಳಿಯದಾದಾಗ ಮ್ಯಾಥ್ಯೂವಿನ ಮನೆಯವರು ನಕ್ಕಿದ್ದರು.

"ಈಗ ಅದೆಲ್ಲ ಬೇಡ ವೆರೊನಿಕಾ, ಇಲ್ಲಿ ನನ್ನ ಕೆಲಸ ಹೋಗುವುದರಲ್ಲುಂಟು."

"ಹಾಗಾದರೆ ಬೇಗ ಹೇಳಿ. ಅವರು ಕೇಳಿದ್ದು ಇಷ್ಟೇ: ಕಾಪುವಿನಲ್ಲಿ ನಮ್ಮದು ಬೇರೆ ಒಲೆ ಉರಿಯುತ್ತದಾ, ಇಲ್ಲವಾ? ನಾವು ಸಾಮಾನು ಲಾರಿಯಲ್ಲಿ ತಂದೆವಾ, ತಲೆಯಲ್ಲಿ ಹೊತ್ತೆವಾ ಅಂತ ಅವರಿಗೆ ಬೇಡವಂತೆ. ಹೋದ ಸಲ ನೀವು ಅದನ್ನೂ ಹೇಳಿದಿರಂತೆ."

ಹೇಳಿದ್ದು ನಿಜ. ಲಾರಿ ಎರಡು ಸಲ ಬಂದಿತ್ತು ಎಂದೂ ಹೇಳಿದ್ದ.

ಅವನ ಕಣ್ಣು ಮೂಲೆಯಲ್ಲಿ ಆರಿ ಕುಳಿತಿದ್ದ ಹಳೆಯ ಸರ್ವರಿನ ಮೇಲೆ ಬಿತ್ತು. ಅಲ್ಲಿ ಒಲೆ ಉರಿಯುತ್ತಿರಲಿಲ್ಲ. ಇನ್ನು ಉರಿಯುವುದೂ ಇಲ್ಲ. ಕಡತವನ್ನು ಯಾವ ರೀತಿ ಸಾಗಿಸಿದೆ ಎಂದು ಹೊಸ ಸರ್ವರ್ ಕೇಳಿರಲೇ ಇಲ್ಲ. ಹಳೆಯದೂ ಹೊಸದೂ ಒಟ್ಟಿಗೆ ಬದುಕಲಿಕ್ಕುಂಟೋ ಎಂದು ಕೇಳಿತ್ತು. ಒಟ್ಟಿಗೆ ಇರುವುದಾದರೆ ಹೊಸ ಗುರುತು ಬೇಕು, ಇಲ್ಲವಾದರೆ ಹಳೆಯದೇ ಸಾಕು. ಸ್ಟ್ಯಾನಿ, ಯಾರೂ ಕೇಳದ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕವಾಗಿ ಉತ್ತರಿಸಿದ್ದ.

"ಉರಿಯುವುದಿಲ್ಲ ಅಂತ ಹೇಳು. ಒಂದೇ ತೆನೆ ಸಾಕು," ಎಂದು ಫೋನ್ ಇಟ್ಟ.

ಡಿಸ್ಕಿನಲ್ಲಿ ಮೂರೂ ಯಂತ್ರಗಳ ಮೊದಲಿನ ಗುರುತಿದ್ದ ಸಣ್ಣ ಕಡತಗಳು ಹಾಗೆಯೇ ಇದ್ದವು. ಮೂರು ಶಾಖೆಗಳಿಗೂ ಹೇಳಿ ಯಂತ್ರಗಳನ್ನು ಬಂದ್ ಮಾಡಿದ. ಬೆಳಗಿನ ದಾಖಲೆಗಳನ್ನು ಮುಟ್ಟದೆ, ಆ ಸಣ್ಣ ಕಡತಗಳನ್ನಷ್ಟೇ ಹಿಂದಕ್ಕೆ ತಂದಿಟ್ಟ. ಕಾರ್ಕಳದ ಯಂತ್ರವನ್ನು ಏಳಿಸಿದ. ಅದೇ ಪ್ರಶ್ನೆ, ಅದೇ ಅವಮಾನದ ಸಾಲು. ಬೆರಳು ಅಭ್ಯಾಸಬಲದಿಂದ ನಕಲಿನ ಕಡೆಗೇ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ತಂದು 'ಸ್ಥಳಾಂತರಿಸಿದ್ದು' ಒತ್ತಿಸಿದ. ಸುಳ್ಳು ಹೇಳಿದಂತೆ ಕಿವಿ ಬಿಸಿಯಾಯಿತು. ಉಳಿದೆರಡಕ್ಕೂ ಅದನ್ನೇ ಒತ್ತಿದ.

ಚೈತಾಲಿಯ ಫೋನು ಬಂತು. "ಸರ್, ಶುದ್ಧ ಬಂತು! ಅಡ್ಡ ಬರಹ ಇಲ್ಲ. ಆದರೆ ಉಮಾನಾಥಣ್ಣನಿಗೆ ಬೇಜಾರು."

ಹಿಂದಿನಿಂದ ಗಟ್ಟಿ ಧ್ವನಿ ಕೇಳಿಸಿತು. "ಇದರಲ್ಲಿಯೂ ಇನ್ನೂರ ಹತ್ತೇ ಉಂಟಲ್ಲ ಮಾರಾಯ್ತಿ! ಮತ್ತೆ ಎಂತ ರಿಪೇರಿ ಮಾಡಿದ್ದು ಇವರು?"

ಕಂಪೆನಿಯ ಇಬ್ಬರು ಬಂದಾಗ ಮೂರೂ ಶಾಖೆಗಳು ನಡೆಯುತ್ತಿದ್ದವು. ತಂತ್ರಾಂಶದವರದ್ದೇ ತಪ್ಪು ಎಂದರೆ ಡಾಕ್ಟರು ನಂಬುತ್ತಿದ್ದರು. ಆದರೆ ಸ್ಟ್ಯಾನಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ, ಲಾರಿಯೊಂದನ್ನು ಬಿಟ್ಟು. ಡಾಕ್ಟರು ಹಣೆ ಒತ್ತಿಕೊಂಡು ಕೇಳಿದರು.

"ಅಂದರೆ ನೀವು ಸತ್ಯ ಹೇಳಿದ್ದರಿಂದ ಲ್ಯಾಬ್ ನಿಂತದ್ದು."

"ಹೌದು ಡಾಕ್ಟ್ರೇ."

"ಇವರು ಬಂದಾಗಿದೆ. ಚಾ ಕುಡಿಸಿ ಕಳಿಸುವ. ಸರ್ವರ್ ನಿಮ್ಮ ಹತ್ತಿರವೇ ಇರಲಿ. ಆದರೆ ಇನ್ನು ಅದು ಎಂತದಾದರೂ ಕೇಳಿದರೆ, ಉತ್ತರಿಸುವ ಮೊದಲು ವೆರೊನಿಕಾರನ್ನು ಕೇಳಿ."

ಕಂಪೆನಿಯವರಲ್ಲಿ ಚಿಕ್ಕವನು, ಆಶ್ಲಿ ಎಂಬವನು, ಚಾ ಕುಡಿಯುತ್ತ ಸುಮ್ಮನೆ ಮಾತಿಗೆಂದು ಕೇಳಿದ: "ಸರ್ ನೀವು ಉಡುಪಿಯವರಾ, ಕಾಪುವಿನವರಾ?"

ಸ್ಟ್ಯಾನಿ ಲೋಟ ಕೆಳಗಿಟ್ಟ. ಬಾಯಿ ತೆರೆದ. ಮ್ಯಾಥ್ಯೂ, ಹಬ್ಬ, ಲಾರಿ ಎಲ್ಲವೂ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ಯಾಕೆ ಕೇಳುತ್ತೀರಿ ಅಂತ ಮೊದಲು ಹೇಳಿ," ಎಂದ.